ಕನ್ನಡಕದ ಅಂಗಡಿಯಲ್ಲಿ ಕೂರಲು ನಾಲ್ಕು ವರ್ಷ ಓದಬೇಕಾ?

ಪ್ರಶ್ನೆ: ನಾನು ಕಾಪು ಹತ್ತಿರದವಳು. ಈ ಸಲ ಪಿಸಿಎಂಬಿಯಲ್ಲಿ ದ್ವಿತೀಯ ಪಿಯುಸಿ ಮುಗಿಸಿದೆ. ನೀಟ್ ಬರೆದೆ, ಎಂಬಿಬಿಎಸ್ ಸಿಗುವಷ್ಟು ಅಂಕ ಬರಲಿಲ್ಲ. ಮಣಿಪಾಲದಲ್ಲಿ ನರ್ಸ್ ಆಗಿರುವ ಚಿಕ್ಕಮ್ಮ ಆಪ್ಟೊಮೆಟ್ರಿ, ಅಂದರೆ ದೃಷ್ಟಿ ಪರೀಕ್ಷೆ ಕಲಿಸುವ ಕೋರ್ಸ್, ಮಾಡು ಅನ್ನುತ್ತಾರೆ. ಅಪ್ಪ ಉಡುಪಿ–ಮಂಗಳೂರು ಬಸ್ಸಿನ ಡ್ರೈವರ್. ಅಮ್ಮ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾರೆ. ಅಪ್ಪ ಕೇಳುವುದು ಒಂದೇ ಮಾತು: "ಕನ್ನಡಕದ ಅಂಗಡಿಯಲ್ಲಿ ಕೂರಲು ನಾಲ್ಕು ವರ್ಷ ಓದಬೇಕಾ?" ನನಗೆ ಉತ್ತರ ಗೊತ್ತಿಲ್ಲ. ಈ ಕೆಲಸ ನಿಜವಾಗಿ ಹೇಗಿರುತ್ತದೆ? ಮುಂದೆ ದಾರಿ ಇದೆಯಾ?

ಉತ್ತರ:

ಬೇಕು. ನಾಲ್ಕು ವರ್ಷವೂ ಬೇಕು. ಕನ್ನಡಕದ ಅಂಗಡಿಯಲ್ಲಿ ಕೂರುವುದಾದರೆ ಇನ್ನೂ ಜಾಸ್ತಿ ಬೇಕು.

ಯಾಕೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ನಿಮ್ಮ ಹಿಂದೆ ಒಬ್ಬರು ಡಾಕ್ಟರ್ ಇರುತ್ತಾರೆ. ನೀವು ಏನಾದರೂ ಬಿಟ್ಟರೆ ಅವರು ಹಿಡಿಯುತ್ತಾರೆ. ಅಂಗಡಿಯಲ್ಲಿ ಹಾಗಲ್ಲ. ಅಲ್ಲಿಗೆ ಬರುವವರು ತಮಗೆ ಕಾಯಿಲೆ ಇದೆ ಎಂದುಕೊಂಡು ಬರುವುದಿಲ್ಲ. "ಸ್ವಲ್ಪ ಮಂಜಾಗಿದೆ, ಕನ್ನಡಕ ಬದಲಿಸಬೇಕು" ಅಂತ ಪೇಟೆಗೆ ಬಂದಾಗ ಹೊಕ್ಕು ಹೋಗುತ್ತಾರೆ. ಎಷ್ಟೋ ಜನರ ಕಣ್ಣನ್ನು ಹತ್ತು ವರ್ಷದಲ್ಲಿ ಹತ್ತಿರದಿಂದ ನೋಡಿದವರು ಅಂದರೆ ಆ ಅಂಗಡಿಯಲ್ಲಿ ಕೂತವರು ಮಾತ್ರ. ಆ ಹತ್ತು ನಿಮಿಷದಲ್ಲಿ ಕಂಡದ್ದು ಕಂಡಿತು. ಕಾಣದೆ ಹೋದದ್ದು ಮತ್ತೆ ಯಾವಾಗ ಕಾಣುತ್ತದೋ.

ಒಂದು ಘಟನೆ ಹೇಳುತ್ತೇನೆ. ಉಡುಪಿಯಲ್ಲಿ ನಾನು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ನಡೆದದ್ದು. ನಲವತ್ತೈದು ದಾಟಿದ ಒಬ್ಬರು ಬಂದರು. ಐದು ತಿಂಗಳಲ್ಲಿ ಎರಡು ಕನ್ನಡಕ ಮಾಡಿಸಿದ್ದರು, ಎರಡೂ ಸರಿಯಾಗಿಲ್ಲ ಅಂತ ಸಿಟ್ಟಿನಲ್ಲಿದ್ದರು. ಎರಡನ್ನೂ ಮೆಷಿನ್‌ನಲ್ಲಿಟ್ಟು ನೋಡಿದೆ. ಗಾಜು ಬರೆದ ನಂಬರಿಗೆ ಸರಿಯಾಗೇ ಇತ್ತು. ಆದರೆ ಅವರ ಕಣ್ಣಿನ ಪವರ್ ಈಗ ಆ ಎರಡಕ್ಕೂ ಹೊಂದುತ್ತಿರಲಿಲ್ಲ. ದೊಡ್ಡವರ ಪವರ್ ಹೀಗೆ ತಿಂಗಳಿಗೊಂದು ಆಗುವುದಿಲ್ಲ. "ಬಾಯಾರಿಕೆ ಜಾಸ್ತಿ ಆಗ್ತದಾ? ರಾತ್ರಿ ಏಳ್ತೀರಾ?" ಅಂತ ಕೇಳಿದೆ. ಹೌದು ಅಂದರು. ಮೂರನೆಯ ಕನ್ನಡಕ ಬರೆಯಲಿಲ್ಲ. ಶುಗರ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತ ಕಳಿಸಿದೆ. ರಕ್ತದಲ್ಲಿ ಸಕ್ಕರೆ ಏರಿ ಇಳಿದು ಮಾಡಿದಾಗ ಕಣ್ಣೊಳಗಿನ ಮಸೂರ ನೀರು ಹೀರಿಕೊಂಡು ಉಬ್ಬುತ್ತದೆ, ಪವರ್ ಆ ಕಡೆ ಈ ಕಡೆ ಓಡಾಡುತ್ತದೆ. ಅವರಿಗೆ ಶುಗರ್ ಇತ್ತು. ಅದು ಅವರಿಗೇ ಗೊತ್ತಿರಲಿಲ್ಲ.

ಆ ದಿನ ಅಂಗಡಿಗೆ ಒಂದು ಕನ್ನಡಕದ ವ್ಯಾಪಾರ ತಪ್ಪಿತು. ನಿಮ್ಮ ಅಪ್ಪ ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ನಾಲ್ಕು ವರ್ಷ ಓದುವುದು ಯಾವಾಗ ಕನ್ನಡಕ ಕೊಡಬಾರದು ಎಂದು ತಿಳಿಯಲಿಕ್ಕೂ ಹೌದು.

ಈಗ ಯಾರು ಯಾರು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಇದರಲ್ಲಿ ಎಲ್ಲರಿಗೂ ಗೊಂದಲ ಇದೆ, ಓದಿದವರಿಗೂ. ಕಣ್ಣಿನ ಡಾಕ್ಟರ್ ಎಂದರೆ ಎಂಬಿಬಿಎಸ್ ಮಾಡಿ, ಆಮೇಲೆ ಮೂರು ವರ್ಷ ಕಣ್ಣಿನ ವಿಷಯದಲ್ಲಿ ಎಂಎಸ್ ಓದಿದವರು. ಆಪರೇಷನ್, ಔಷಧಿ, ರೋಗದ ಚಿಕಿತ್ಸೆ ಎಲ್ಲ ಅವರದ್ದು. ಆಪ್ಟಿಷಿಯನ್ ಅಂದರೆ ಚೀಟಿಯಲ್ಲಿ ಬರೆದ ನಂಬರಿನಂತೆ ಗಾಜು ಕೂರಿಸಿ, ಫ್ರೇಮನ್ನು ನಿಮ್ಮ ಮೂಗು, ಕಿವಿಗೆ ಹೊಂದಿಸಿ ಕೊಡುವವರು. ಆಪ್ಟೊಮೆಟ್ರಿಸ್ಟ್ ಇವರಿಬ್ಬರ ನಡುವೆ ಇರುವವರು. ದೃಷ್ಟಿ ಅಳೆಯುವುದು, ಪವರ್ ಕಂಡುಹಿಡಿಯುವುದು, ಎರಡು ಕಣ್ಣು ಜೊತೆಯಾಗಿ ಕೆಲಸ ಮಾಡುತ್ತವೆಯೇ ನೋಡುವುದು, ಕಣ್ಣಿನ ಒತ್ತಡ ಅಳೆಯುವುದು, ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಕಣ್ಣಿನ ಮುಂಭಾಗ ಪರೀಕ್ಷಿಸುವುದು, ರೋಗದ ಗುರುತು ಕಂಡರೆ ಡಾಕ್ಟರ ಹತ್ತಿರ ಕಳಿಸುವುದು, ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸುವುದು, ಇವೆಲ್ಲ ನಮ್ಮ ಕೆಲಸ. ಚಾಕು ನಮ್ಮ ಕೈಯಲ್ಲಿ ಇಲ್ಲ. ಆಪರೇಷನ್ ಮಾಡುವ ಆಸೆ ಮನಸ್ಸಿನಲ್ಲಿ ಬಲವಾಗಿ ಇದ್ದರೆ ಇದಕ್ಕೆ ಬರಬೇಡಿ. ಇನ್ನೊಂದು ವರ್ಷ ನೀಟ್‌ಗೆ ಕೂತು ನೋಡಿ. ಆಪ್ಟೊಮೆಟ್ರಿ ಎಂಬಿಬಿಎಸ್‌ನ ಸಣ್ಣ ರೂಪ ಅಲ್ಲ. ಹಾಗೆಂದುಕೊಂಡು ಬಂದವರು ಎರಡನೆಯ ವರ್ಷದಲ್ಲೇ ಬೇಸರಪಟ್ಟದ್ದನ್ನು ನೋಡಿದ್ದೇನೆ.

ಕೆಲಸ ಹೇಗಿರುತ್ತದೆ ಅಂತ ಕೇಳಿದ್ದೀರಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನಗೆ ಇಷ್ಟವಾದ ಭಾಗ ಇದು.

ಪಿಯುಸಿ ಭೌತಶಾಸ್ತ್ರದಲ್ಲಿ ಮಸೂರದ ಪಾಠ ಓದಿದ್ದೀರಲ್ವಾ? ಪವರ್ ಎಂದರೆ ಮೀಟರಿನಲ್ಲಿ ಹೇಳಿದ ಸಂಗಮದೂರದಿಂದ 1ನ್ನು ಭಾಗಿಸಿದ್ದು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಆ ಸೂತ್ರ ಇಲ್ಲಿ ಮನುಷ್ಯರ ಮೇಲೆ ಕೂತಿರುತ್ತದೆ. ಮೈನಸ್ 2 ಇರುವವರಿಗೆ ಕನ್ನಡಕ ಇಲ್ಲದೆ ಅರ್ಧ ಮೀಟರ್ ತನಕ ಮಾತ್ರ ಸ್ಪಷ್ಟ. ಮೈನಸ್ 4 ಇದ್ದರೆ 25 ಸೆಂಟಿಮೀಟರ್, ಹೆಚ್ಚು ಕಡಿಮೆ ಒಂದು ಗೇಣು. ಕ್ಲಾಸಿನ ಬೋರ್ಡ್ ಕಾಣದ ಮಗುವಿನ ಲೋಕ ಎಷ್ಟು ದೂರಕ್ಕೆ ಮುಗಿಯುತ್ತದೆ ಅಂತ ಈ ಲೆಕ್ಕದಿಂದ ಹೇಳಬಹುದು. ನಾನು ಮೊದಲ ಸಲ ಇದನ್ನು ಅರ್ಥ ಮಾಡಿಕೊಂಡ ದಿನ ಮನೆಗೆ ಹೋಗಿ ನನ್ನ ತಮ್ಮನ ಕನ್ನಡಕ ತೆಗೆಸಿ, ಅವನಿಗೆ ಎಲ್ಲಿಯ ತನಕ ಕಾಣುತ್ತದೆ ಅಂತ ಸ್ಕೇಲ್ ಹಿಡಿದು ಅಳೆದಿದ್ದೆ. ಲೆಕ್ಕ ಸರಿ ಬಂತು.

ಗೋಡೆಯ ಮೇಲಿನ ಅಕ್ಷರದ ಚಾರ್ಟನ್ನು 1862ರಲ್ಲಿ ನೆದರ್ಲೆಂಡ್ಸಿನ ಕಣ್ಣಿನ ವೈದ್ಯ ಸ್ನೆಲೆನ್ ರೂಪಿಸಿದರು. 6/6 ಅನ್ನುತ್ತಾರಲ್ಲ, ಅದರ ಅರ್ಥ ಸರಳ. ಮಾಮೂಲಿ ದೃಷ್ಟಿ ಇರುವವರು ಆರು ಮೀಟರ್ ದೂರದಿಂದ ಓದುವ ಸಾಲನ್ನು ನೀವೂ ಆರು ಮೀಟರಿನಿಂದಲೇ ಓದಿದಿರಿ. ಆ ಸಾಲಿನ ಅಕ್ಷರ ಒಂದು ಸೆಂಟಿಮೀಟರಿಗಿಂತಲೂ ಚಿಕ್ಕದು. 6/60 ಎಂದರೆ ಬೇರೆಯವರು ಅರವತ್ತು ಮೀಟರಿನಿಂದ ಓದುವ ದೊಡ್ಡ ಅಕ್ಷರವನ್ನು ನೀವು ಆರು ಮೀಟರಿಗೆ ಬಂದ ಮೇಲೆ ಓದುತ್ತೀರಿ. ನಮ್ಮ ಪೇಟೆಯ ಅಂಗಡಿಗಳಲ್ಲಿ ಆರು ಮೀಟರ್ ಉದ್ದದ ಕೋಣೆ ಎಲ್ಲಿಂದ ಬರಬೇಕು? ಅದಕ್ಕೆ ಎದುರಿಗೆ ಕನ್ನಡಿ ಇಟ್ಟು ಮೂರು ಮೀಟರನ್ನು ಆರು ಮಾಡಿಕೊಳ್ಳುತ್ತೇವೆ. ಮುಂದಿನ ಸಲ ಗಮನಿಸಿ, ಚಾರ್ಟ್ ನಿಮ್ಮ ತಲೆಯ ಹಿಂದೆ ಇದ್ದು, ನೀವು ಕನ್ನಡಿಯಲ್ಲಿ ಓದುತ್ತಿರುತ್ತೀರಿ.

ಇನ್ನು ರೆಟಿನೊಸ್ಕೋಪ್. ಕೈಯಲ್ಲಿ ಹಿಡಿಯುವ ಒಂದು ಟಾರ್ಚಿನಂಥ ಉಪಕರಣ. ಕತ್ತಲೆ ಕೋಣೆಯಲ್ಲಿ ಅದರ ಬೆಳಕಿನ ಗೆರೆಯನ್ನು ಕಣ್ಣಿನ ಮೇಲೆ ಆಚೆ ಈಚೆ ಆಡಿಸಿದರೆ ಪಾಪೆಯೊಳಗೆ ಕೆಂಪು ಹೊಳಪು ಕಾಣುತ್ತದೆ. ನಿಮ್ಮ ಬೆಳಕು ಹೋದ ಕಡೆಗೇ ಅದು ಹೋದರೆ ಪ್ಲಸ್ ಗಾಜು ಸೇರಿಸುತ್ತೀರಿ. ಎದುರು ದಿಕ್ಕಿಗೆ ಹೋದರೆ ಮೈನಸ್. ಒಂದು ಹಂತದಲ್ಲಿ ಹೊಳಪು ಓಡಾಡುವುದು ನಿಂತು ಪಾಪೆ ಪೂರ್ತಿ ಒಮ್ಮೆಲೇ ತುಂಬಿಕೊಳ್ಳುತ್ತದೆ. ನೀವು ಕೂತ ದೂರದ ಲೆಕ್ಕ ಕಳೆದರೆ, 67 ಸೆಂಟಿಮೀಟರ್ ಆದರೆ ಒಂದೂವರೆ, ಆ ಕಣ್ಣಿನ ಪವರ್ ಸಿಕ್ಕಿತು. ಆ ಮನುಷ್ಯ ಒಂದು ಮಾತೂ ಆಡಬೇಕಾಗಿಲ್ಲ. ಆರು ತಿಂಗಳ ಕೂಸಿನ ಪವರ್ ಕೂಡ ಹೀಗೆ ಗೊತ್ತಾಗುತ್ತದೆ. ಮಾತು ಬಾರದವರದ್ದು, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳದ್ದು ಎಲ್ಲ ಗೊತ್ತಾಗುತ್ತದೆ. ಇದು ಕೈಗೆ ಹತ್ತಲು ನೂರಾರು ಕಣ್ಣು ಬೇಕು. ಕಲಿತ ಮೇಲೆ ಸೈಕಲ್ ಹೊಡೆದ ಹಾಗೆ, ಮರೆಯುವುದಿಲ್ಲ.

"ಕಂಪ್ಯೂಟರ್ ಕಣ್ಣು ಪರೀಕ್ಷೆ" ಅಂತ ಊರೆಲ್ಲ ಬೋರ್ಡ್ ಇದೆ, ಮತ್ತೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಆ ಕಂಪ್ಯೂಟರ್ ಒಳ್ಳೆಯ ಉಪಕರಣ. ಅದು ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತದೆ. ಅದು ಕೊಟ್ಟ ಚೀಟಿಯನ್ನೇ ಗಾಜು ಮಾಡಿಸಬಾರದು. ಮಕ್ಕಳಲ್ಲಂತೂ ಕೂಡಲೇ ಕೂಡದು. ಇದನ್ನು ನಾನು ತಪ್ಪು ಮಾಡಿ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂಬತ್ತು ವರ್ಷದ ಹುಡುಗಿ, ಮಶಿನ್ ಚೀಟಿಯಲ್ಲಿ ಎರಡೂ ಕಣ್ಣಿಗೆ ಮೈನಸ್ ಒಂದೂಕಾಲು. ಸಂಜೆ ಹೊತ್ತು, ಹೊರಗೆ ಐದಾರು ಜನ ಕಾಯುತ್ತಿದ್ದರು. ಗಾಜು ಹಾಕಿ ತೋರಿಸಿದೆ, ಓದಿದಳು, ಬರೆದುಕೊಟ್ಟೆ. ತಿಂಗಳು ಕಳೆದು ಅವಳ ಅಮ್ಮ ಬಂದರು. ಮಗು ದಿನಾ ತಲೆನೋವು ಅನ್ನುತ್ತಾಳೆ, ಕನ್ನಡಕ ತೆಗೆದಿಟ್ಟು ಓದುತ್ತಾಳೆ. ಡಾಕ್ಟರ ಹತ್ತಿರ ಕಳಿಸಿದೆವು. ಡ್ರಾಪ್ಸ್ ಹಾಕಿ ನೋಡಿದಾಗ ಮೈನಸ್ ಇರಲೇ ಇಲ್ಲ, ಚೂರು ಪ್ಲಸ್ ಇತ್ತು. ಮಕ್ಕಳ ಕಣ್ಣು ಮೆಷಿನ್ನಿನೊಳಗೆ ನೋಡುವಾಗ ಬಿಗಿಯಾಗಿ ಹತ್ತಿರಕ್ಕೆ ಹೊಂದಿಕೊಂಡು ಬಿಡುತ್ತದೆ. ಆ ಬಿಗಿ ಸಡಿಲಿಸಿ ನೋಡಬೇಕು. ಓದುವಾಗ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದೆ. ಕೆಲಸದ ಗಡಿಬಿಡಿಯಲ್ಲಿ ಬಿಟ್ಟೆ. ಆ ಮಗು ಒಂದು ತಿಂಗಳು ನನ್ನಿಂದ ತಲೆನೋವು ಅನುಭವಿಸಿತು. ಇವತ್ತಿಗೂ ಮಗು ಬಂದು ಕುರ್ಚಿಯಲ್ಲಿ ಕೂತರೆ, ಹೊರಗೆ ಎಷ್ಟು ಜನ ಇದ್ದರೂ ನಾನು ಗಡಿಯಾರ ನೋಡುವುದಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು. ಒಂದು ಕಣ್ಣಿಗೆ ಪವರ್ ಜಾಸ್ತಿ, ಇನ್ನೊಂದಕ್ಕೆ ಇಲ್ಲ ಅಂತಾದರೆ ಮಿದುಳು ಮಂಜು ಕಣ್ಣನ್ನು ಕೈಬಿಡುತ್ತದೆ. ಇದೇ ಸೋಮಾರಿ ಕಣ್ಣು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು, ಮಗುವೂ ಹೇಳುವುದಿಲ್ಲ, ಇನ್ನೊಂದು ಕಣ್ಣಿನಲ್ಲಿ ಕೆಲಸ ಸಾಗುತ್ತಿರುತ್ತದೆ. ಏಳೆಂಟು ವರ್ಷದೊಳಗೆ ಹಿಡಿದು ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿದರೆ ಬಹಳ ಮಟ್ಟಿಗೆ ಸರಿ ಮಾಡಬಹುದು. ತಡವಾದಷ್ಟೂ ಕಷ್ಟ. ಅದಕ್ಕೇ ಶಾಲೆಗೆ ಹೋಗಿ ಪರೀಕ್ಷೆ ಮಾಡುವ ದಿನಗಳು ನನಗೆ ಇಷ್ಟ. ಒಂದೊಂದು ಕಣ್ಣು ಮುಚ್ಚಿಸಿ ಓದಿಸುವುದು, ಅಷ್ಟೇ. ಆದರೆ ಇನ್ನೂರು ಮಕ್ಕಳಲ್ಲಿ ಅಂಥ ಒಂದು ಕಣ್ಣು ಸಿಕ್ಕರೆ ಆ ದಿನದ ದುಡಿಮೆ ಸಾರ್ಥಕ.

ಮಾತಿನ ಬಗ್ಗೆಯೂ ಹೇಳಬೇಕು. ಗಾಜು ತಿರುಗಿಸಿ "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ" ಅಂತ ದಿನಕ್ಕೆ ನೂರಾರು ಸಲ ಕೇಳಬೇಕು. ನಮ್ಮ ಊರಿನಲ್ಲಿ ಅರ್ಧ ಪಾಲು ತುಳುವಿನಲ್ಲಿ: "ಉಂದು ಎಡ್ಡೆನಾ, ಅವು ಎಡ್ಡೆನಾ?" ವಯಸ್ಸಾದವರಿಗೆ ಇದೊಂದು ಪರೀಕ್ಷೆ, ತಪ್ಪು ಹೇಳಿದರೆ ತಪ್ಪು ಕನ್ನಡಕ ಕೊಡುತ್ತಾರೆ ಅಂತ ಭಯ. "ನೀವು ಹೇಳಿದ ಹಾಗೆ" ಅಂತ ನಿಮ್ಮ ಮುಖ ನೋಡುತ್ತಾರೆ. ಆ ಭಯ ಬಿಡಿಸಿದರೆ ಮಾತ್ರ ಸರಿಯಾದ ಉತ್ತರ ಬರುತ್ತದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಇದರಲ್ಲಿ ಎರಡು ಮೂರು ನಿಮಗೆ ಬಂದರೆ ಅದು ಈ ಕರಾವಳಿಯಲ್ಲಿ ನಿಮ್ಮ ದೊಡ್ಡ ಉಪಕರಣ. ಒಂದೇ ಪ್ರಶ್ನೆಯನ್ನು ಸಂಜೆ ಆರಕ್ಕೂ ಬೆಳಗ್ಗೆ ಒಂಬತ್ತರ ದನಿಯಲ್ಲಿ ಕೇಳುವ ತಾಳ್ಮೆ ನಿಮಗಿದೆಯಾ ಅಂತ ನೀವೇ ನೋಡಿಕೊಳ್ಳಿ. ಅಂಕಕ್ಕಿಂತ ಇದು ಮುಖ್ಯ ಅಂತ ನಾನು ಪೂರ್ತಿ ನಂಬುತ್ತೇನೆ.

ಈಗ ನಿಮ್ಮ ಅಮ್ಮನ ಮಾತು. ನಲವತ್ತು ದಾಟಿದ್ದಾರಾ? ದಾಟಿದ್ದರೆ ಹೂವನ್ನು ಸ್ವಲ್ಪ ದೂರ ಹಿಡಿದು ಕಟ್ಟುತ್ತಾರಾ ನೋಡಿ. ಬೆಳಕಿಗೆ ಬಾಗಿಲ ಹತ್ತಿರ ಬಂದು ಕೂರುತ್ತಾರಾ? ನಲವತ್ತರ ಸುಮಾರಿಗೆ ಕಣ್ಣೊಳಗಿನ ಮಸೂರ ಗಟ್ಟಿಯಾಗಿ ಹತ್ತಿರದ್ದು ಮಂಜಾಗುತ್ತದೆ. ಹಿಂದಿನವರು ಚಾಳೀಸು ಅನ್ನುತ್ತಿದ್ದರು. ಆ ಮಾತೇ ನಲವತ್ತು ಎಂಬ ಲೆಕ್ಕದಿಂದ ಬಂದದ್ದು. ಪ್ಲಸ್ ಒಂದರ ಒಂದು ಗಾಜು ಸಾಕು, ಶುರುವಿನಲ್ಲಿ. ಆದರೆ ನಮ್ಮ ಹೆಂಗಸರು ಅದನ್ನು ಓದುವವರ ಕನ್ನಡಕ ಅಂದುಕೊಂಡಿದ್ದಾರೆ. "ನಾನೇನು ಪೇಪರ್ ಓದ್ತೇನಾ, ನನಗ್ಯಾಕೆ?" ಅನ್ನುತ್ತಾರೆ. ಮಲ್ಲಿಗೆ ಮೊಗ್ಗಿನ ತೊಟ್ಟಿಗೆ ಬಾಳೆನಾರು ಸುತ್ತುವುದು ಓದುವುದಕ್ಕಿಂತ ಸೂಕ್ಷ್ಮದ ಕೆಲಸ. ಬೀಡಿ ಕಟ್ಟುವುದೂ ಹಾಗೆ, ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ವಿಂಗಡಿಸುವುದೂ ಹಾಗೆ, ಮಲ್ಪೆಯಲ್ಲಿ ಬಲೆ ಹೆಣೆಯುವುದೂ ಹಾಗೆ. ಕೈ ನಿಧಾನ ಆಯಿತು, ವಯಸ್ಸಾಯಿತು ಅಂದುಕೊಂಡು ಕಡಿಮೆ ಕಟ್ಟಿ ಕಡಿಮೆ ದುಡ್ಡು ತರುತ್ತಾರೆ. ನಿಧಾನ ಆದದ್ದು ಕೈ ಅಲ್ಲ ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ.

ಇದು ನನ್ನ ಊಹೆ ಅಲ್ಲ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕೆಲಸಗಾರರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಹತ್ತಿರದ ಕನ್ನಡಕವನ್ನು ಮೊದಲೇ ಕೊಟ್ಟರು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. ಕನ್ನಡಕ ಹಾಕಿದವರು ಉಳಿದವರಿಗಿಂತ ಶೇಕಡಾ 21.7ರಷ್ಟು ಜಾಸ್ತಿ ಎಲೆ ಕಿತ್ತರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಹೀಗೆ ಹತ್ತಿರದ್ದು ಕಾಣದೆ, ಕನ್ನಡಕವೂ ಇಲ್ಲದೆ ಇರುವವರು ಜಗತ್ತಿನಲ್ಲಿ 82.6 ಕೋಟಿ. ಇದಕ್ಕೆ ಆಪರೇಷನ್ ಬೇಡ, ಔಷಧಿ ಬೇಡ. ಅಳೆದು ಕೊಡುವ ಒಬ್ಬರು ಬೇಕು. ಕನ್ನಡಕದ ಅಂಗಡಿ ಅಂತ ನಿಮ್ಮ ಅಪ್ಪ ಹೇಳಿದ್ದು ಇದನ್ನೇ. ಶಂಕರಪುರದಲ್ಲಿ ಅಥವಾ ಶಿರ್ವದಲ್ಲಿ ಚೆನ್ನಾಗಿ ಕಲಿತ ಒಬ್ಬಳು ಹುಡುಗಿ ಅಂಥ ಅಂಗಡಿ ಇಟ್ಟು ಕೂತರೆ ಅಲ್ಲಿಯ ಹೆಂಗಸರು ಎಷ್ಟು ಚೆಂಡು ಮಲ್ಲಿಗೆ ಜಾಸ್ತಿ ಕಟ್ಟಬಹುದು ಅಂತ ನಾನು ಯೋಚಿಸುತ್ತೇನೆ.

ಓದಿನ ವಿಷಯಕ್ಕೆ ಬರೋಣ. ಬಿ.ಆಪ್ಟೊಮ್ ಎಂಬ ಪದವಿ. ಸಾಮಾನ್ಯವಾಗಿ ಮೂರು ವರ್ಷ ಪಾಠ, ನಾಲ್ಕನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಮಣಿಪಾಲದಲ್ಲಿ ಮಾಹೆ ವಿಶ್ವವಿದ್ಯಾಲಯದ ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ಪದವಿಯೂ ಇದೆ, ಎರಡು ವರ್ಷದ ಸ್ನಾತಕೋತ್ತರವೂ ಇದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಬೇರೆ ಕಾಲೇಜುಗಳಿವೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುವ ಕಾಲೇಜುಗಳಲ್ಲಿಯೂ ಈ ಪದವಿ ಇದೆ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಫೀಸ್ ಜಾಸ್ತಿ. ನಾಲ್ಕನೆಯ ವರ್ಷಕ್ಕೂ ಫೀಸ್ ಇದೆಯಾ, ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡುತ್ತಾರಾ ಅಂತ ಮೊದಲೇ ಕೇಳಿ. ಇದನ್ನು ಕೇಳದೆ ಆಮೇಲೆ ಸಾಲ ಮಾಡಿದವರಿದ್ದಾರೆ. ಪ್ರವೇಶದ ನಿಯಮ ಬದಲಾಗುತ್ತಾ ಇರುತ್ತದೆ, ಹಿರಿಯರು ಹೇಳಿದ್ದನ್ನು ನಂಬದೆ ಈ ವರ್ಷದ ಪ್ರಕಟಣೆಯನ್ನೇ ಓದಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ನೋಡಬೇಕಾದ್ದು ಒಂದೇ: ಕಣ್ಣಿನ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ಎಷ್ಟು ಜನ ಸಾಲಿನಲ್ಲಿದ್ದಾರೆ, ವಿದ್ಯಾರ್ಥಿಗಳ ಕೈಗೆ ರೆಟಿನೊಸ್ಕೋಪ್ ಯಾವ ವರ್ಷ ಸಿಗುತ್ತದೆ. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ, ನಿಜ ಹೇಳುತ್ತಾಳೆ. ಅಂಚೆ ಮೂಲಕ, ವಾರಾಂತ್ಯಕ್ಕೆ ಮಾತ್ರ ಎಂದು ಹೇಳುವ ಕೋರ್ಸುಗಳ ಹತ್ತಿರ ಹೋಗಲೇಬೇಡಿ. ಕಣ್ಣು ನೋಡದೆ ಕಣ್ಣು ಕಲಿಯಲು ಆಗುವುದಿಲ್ಲ.

ಮನೆಯಲ್ಲಿ ದುಡ್ಡಿನ ಕಷ್ಟ ಇದ್ದರೆ ಆಪ್ತಾಲ್ಮಿಕ್ ಟೆಕ್ನಾಲಜಿ ಅನ್ನುವ, ಕಣ್ಣಿನ ವಿಷಯದ ಪ್ಯಾರಾಮೆಡಿಕಲ್ ಡಿಪ್ಲೊಮಾ ಇದೆ. ಖರ್ಚು ಕಡಿಮೆ, ಬೇಗ ಕೆಲಸ ಸಿಗುತ್ತದೆ. ಆದರೆ ಮುಂದೆ ಸ್ನಾತಕೋತ್ತರಕ್ಕೋ ವಿದೇಶಕ್ಕೋ ಹೋಗುವ ಬಾಗಿಲು ಪದವಿಗೆ ತೆರೆದಷ್ಟು ಅದಕ್ಕೆ ತೆರೆಯುವುದಿಲ್ಲ. ನಿಮ್ಮಿಂದ ಆಗುವುದಾದರೆ ಪದವಿಯನ್ನೇ ಮಾಡಿ ಅನ್ನುತ್ತೇನೆ.

ಇನ್ನೊಂದು ವಿಷಯ ನಿಮ್ಮ ಚಿಕ್ಕಮ್ಮನಿಗೆ ಗೊತ್ತಿರಬಹುದು. 2021ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು, ಆರೋಗ್ಯ ಕ್ಷೇತ್ರದ ಡಾಕ್ಟರ್, ನರ್ಸ್ ಅಲ್ಲದ ಬೇರೆ ವೃತ್ತಿಗಳಿಗೆ ಅಂತ. ಆಪ್ಟೊಮೆಟ್ರಿಸ್ಟ್ ಎಂಬ ಹೆಸರು ಅದರ ಪಟ್ಟಿಯಲ್ಲಿದೆ. ರಾಷ್ಟ್ರೀಯ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ನೋಂದಣಿ, ದೇಶಕ್ಕೆಲ್ಲ ಒಂದೇ ಮಟ್ಟದ ಪಠ್ಯ, ಇದೆಲ್ಲ ಅದರಿಂದ ಬರಬೇಕು. ನಾವು ಓದುವಾಗ ಇದು ಇರಲಿಲ್ಲ. ಆರು ತಿಂಗಳು ಅಂಗಡಿಯಲ್ಲಿ ನಿಂತು ಕಲಿತವರೂ ನಾಲ್ಕು ವರ್ಷ ಓದಿದವರೂ ಒಂದೇ ಹೆಸರು ಹಾಕಿಕೊಳ್ಳುತ್ತಿದ್ದೆವು. ನೀವು ಓದಿ ಹೊರಬರುವ ಹೊತ್ತಿಗೆ ಆ ವ್ಯತ್ಯಾಸ ಕಾಗದದಲ್ಲಿ ಇರುತ್ತದೆ ಅನ್ನುವುದು ನನಗೆ ಸಮಾಧಾನ.

ಸಂಬಳ. ಮೊದಲ ಎರಡು ವರ್ಷ ಕಡಿಮೆ ಇರುತ್ತದೆ. ಇಂಜಿನಿಯರಿಂಗ್ ಮಾಡಿ ಬೆಂಗಳೂರಿಗೆ ಹೋದ ಗೆಳತಿಯ ಸಂಬಳ ಕೇಳಿ ಬೇಸರ ಆಗಬಹುದು. ಆಮೇಲೆ ಹೇಗೆ ಏರುತ್ತದೆ ಎಂಬುದು ನೀವು ಯಾವುದರಲ್ಲಿ ಕೈ ಪಳಗಿಸಿಕೊಂಡಿರಿ ಎಂಬುದರ ಮೇಲೆ. ಬರೀ ಪವರ್ ನೋಡುವವರು ಜಾಸ್ತಿ ಜನ ಇದ್ದಾರೆ. ಕೆರಟೊಕೋನಸ್ ಇರುವವರಿಗೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್, ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್ ಹೊಂದಿಸಬಲ್ಲವರು ಕಡಿಮೆ. ಕೆರಟೊಕೋನಸ್ ಅಂದರೆ ಕಣ್ಣಿನ ಕಪ್ಪುಭಾಗದ ಮೇಲಿನ ಪಾರದರ್ಶಕ ಪದರ ತೆಳುವಾಗಿ ಮುಂದಕ್ಕೆ ಚೂಪಾಗುವ ತೊಂದರೆ, ಕಣ್ಣು ತಿಕ್ಕುವ ಹರೆಯದವರಲ್ಲಿ ಕಾಣುವುದು. ಅವರಿಗೆ ಮಾಮೂಲಿ ಕನ್ನಡಕ ಸಾಲದು. ಹಾಗೆಯೇ ಚಿಕಿತ್ಸೆ ಮುಗಿದರೂ ದೃಷ್ಟಿ ಪೂರ್ತಿ ಮರಳದವರಿಗೆ ಭೂತಗಾಜು, ದೂರದರ್ಶಕ ಕೊಟ್ಟು ಇದ್ದ ದೃಷ್ಟಿಯಲ್ಲೇ ಬದುಕಲು ಕಲಿಸುವ ಲೋ ವಿಷನ್ ವಿಭಾಗ. ಮಕ್ಕಳ ಮೈನಸ್ ಪವರ್ ಏರದಂತೆ ತಡೆಯುವುದು ಈಗ ದೊಡ್ಡ ಕೆಲಸ. 2050ರ ಹೊತ್ತಿಗೆ ಜಗತ್ತಿನ ಅರ್ಧ ಜನರಿಗೆ ಮೈನಸ್ ಇರುತ್ತದೆ ಎಂದು 2016ರಲ್ಲಿ ಒಂದು ಅಂದಾಜು ಬಂದಿತ್ತು. ಅದಕ್ಕಾಗಿ ಬೇರೆ ಬಗೆಯ ಗಾಜುಗಳು ಬಂದಿವೆ. ಮಕ್ಕಳು ದಿನಕ್ಕೆ ಎರಡು ಗಂಟೆ ಬಯಲಲ್ಲಿ ಇರಲಿ ಅನ್ನುವುದನ್ನೂ ಕಣ್ಣಿನವರೇ ಹೇಳುತ್ತಿದ್ದಾರೆ. ಇಂಥ ಯಾವುದಾದರೂ ಒಂದರಲ್ಲಿ ಆಳಕ್ಕೆ ಇಳಿದವರಿಗೆ ಕೆಲಸಕ್ಕೂ ದುಡ್ಡಿಗೂ ತೊಂದರೆ ಆದದ್ದನ್ನು ನಾನು ನೋಡಿಲ್ಲ.

ನಮ್ಮ ಕಡೆಯವರು ಗಲ್ಫ್ ಬಗ್ಗೆ ಕೇಳದೆ ಇರುವುದಿಲ್ಲ. ದಾರಿ ಇದೆ. ದುಬೈ, ಅಬುಧಾಬಿ, ಸೌದಿ ಎಲ್ಲಕ್ಕೂ ಅಲ್ಲಿಯ ಲೈಸೆನ್ಸ್ ಬೇಕು. ನಿಮ್ಮ ಸರ್ಟಿಫಿಕೇಟನ್ನು ಡೇಟಾಫ್ಲೋ ಎಂಬ ಪರಿಶೀಲನಾ ಸಂಸ್ಥೆಯ ಮೂಲಕ ಕಾಲೇಜಿಗೇ ಕಳಿಸಿ ಪರಿಶೀಲಿಸುತ್ತಾರೆ, ಪರೀಕ್ಷೆ ಬರೆಯಬೇಕು, ಅನುಭವ ಕೇಳುತ್ತಾರೆ. ಕಾಲೇಜು ಸರಿ ಇಲ್ಲದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಇಂಗ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕದಲ್ಲಿ ನಿಯಮ ಇನ್ನೂ ಬಿಗಿ. ಅಮೆರಿಕದಲ್ಲಿ ಇದು ಪದವಿಯ ಮೇಲೆ ಇನ್ನೂ ನಾಲ್ಕು ವರ್ಷದ ಓದು.

ಬೇಸರದ ಮಾತನ್ನೂ ಹೇಳಿಬಿಡುತ್ತೇನೆ. ಎಲ್ಲ ಅಂಗಡಿ ಒಂದೇ ಥರ ಇಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ತಿಂಗಳಿಗೆ ಇಷ್ಟು ಕೋಟಿಂಗ್, ದೂರಕ್ಕೂ ಹತ್ತಿರಕ್ಕೂ ಒಂದೇ ಆಗುವ ಪ್ರೊಗ್ರೆಸಿವ್ ಗಾಜು ಇಷ್ಟು ಮಾರಬೇಕು ಅಂತ ಗುರಿ ಇತ್ತು. ಕಾಲು ಪಾಯಿಂಟ್ ವ್ಯತ್ಯಾಸಕ್ಕೆ ಹೊಸ ಕನ್ನಡಕ ಬರೆ ಅನ್ನುತ್ತಿದ್ದರು. ಬೀಡಿ ಕಟ್ಟಿ ಕೂಡಿಟ್ಟ ನೋಟನ್ನು ಸೀರೆ ಗಂಟಿನಿಂದ ಬಿಚ್ಚುತ್ತಿದ್ದ ಒಬ್ಬರಿಗೆ ಬೇಡದ ಗಾಜು ಹೇಳಲು ನನ್ನಿಂದ ಆಗಲಿಲ್ಲ. ಹನ್ನೊಂದು ತಿಂಗಳಿಗೆ ಬಿಟ್ಟೆ. ನಿಮಗೂ ಇಂಥ ದಿನ ಬರುತ್ತದೆ. ಪರೀಕ್ಷೆ ಮಾಡುವವರ ಸಂಬಳ ಮಾರಾಟಕ್ಕೆ ಕಟ್ಟಿದ್ದಾರಾ ಅಂತ ಇಂಟರ್‌ವ್ಯೂನಲ್ಲೇ ಕೇಳಿ. ನಾಚಿಕೆಪಡಬೇಡಿ.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಅರ್ಜಿ ಹಾಕುವ ಮೊದಲು ಅಪ್ಪನಿಗೆ ರಜೆ ಇರುವ ಒಂದು ದಿನ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಮ್ಮನನ್ನೂ. ಹೆದ್ದಾರಿಯಲ್ಲಿ ರಾತ್ರಿ ಎದುರಿನ ಲಾರಿಯ ಲೈಟು ಗೆರೆ ಗೆರೆಯಾಗಿ ಹರಡಿದಂತೆ ಕಾಣುತ್ತದಾ ಅಂತ ಅಪ್ಪನನ್ನು ಕೇಳಿ ನೋಡಿ. ಮುಕ್ಕಾಲು ಪಾಯಿಂಟಿನ ಸಿಲಿಂಡರ್, ಅಂದರೆ ಕಣ್ಣಿನ ಒಂದೊಂದು ದಿಕ್ಕಿಗೆ ಒಂದೊಂದು ಪವರ್ ಇರುವ ದೋಷ, ಹಗಲಲ್ಲಿ ಅಷ್ಟಾಗಿ ಗೊತ್ತಾಗದೆ ರಾತ್ರಿ ಹಾಗೆ ಕಾಡಬಹುದು. ಪೊರೆ ಶುರುವಾಗಿದ್ದರೂ ಹಾಗಾಗಬಹುದು. ಯಾವುದು ಎಂದು ನೋಡಿದರೆ ಮಾತ್ರ ತಿಳಿಯುತ್ತದೆ. ಪಾಪೆ ಅಗಲಿಸಲು ಡ್ರಾಪ್ಸ್ ಹಾಕಬಹುದು, ನಾಲ್ಕೈದು ಗಂಟೆ ಮಂಜಾಗಿರುತ್ತದೆ, ಆ ದಿನ ಅವರು ಗಾಡಿ ಓಡಿಸುವುದು ಬೇಡ. ಪಡುಬಿದ್ರಿಯಿಂದಲೋ ಕಾಪುವಿನಿಂದಲೋ ಬಸ್ಸಿನಲ್ಲೇ ಹೋಗಿ, ಒಂದು ದಿನ ಅವರು ಸೀಟಿನಲ್ಲಿ ಕೂರಲಿ.

ಒಳಗೆ ಹೋದಾಗ, ನಾನು ಈ ಕೋರ್ಸ್ ಮಾಡಬೇಕು ಅಂತಿದ್ದೇನೆ, ಪಕ್ಕದಲ್ಲಿ ನಿಂತು ನೋಡಬಹುದಾ ಅಂತ ಆಪ್ಟೊಮೆಟ್ರಿಸ್ಟರನ್ನು ಕೇಳಿ. ಬಹುಪಾಲು ಜನ ಬೇಡ ಅನ್ನುವುದಿಲ್ಲ, ಸಂತೋಷಪಡುತ್ತಾರೆ. ಕತ್ತಲಲ್ಲಿ ಅವರ ಕೈ ಹೇಗೆ ಆಡುತ್ತದೆ, ಅಪ್ಪ ಉತ್ತರ ಹೇಳಲು ಹೇಗೆ ತಡಕಾಡುತ್ತಾರೆ, ಅಮ್ಮನ ಕೈಗೆ ಹತ್ತಿರದ ಗಾಜಿನ ಜೊತೆ ಸಣ್ಣ ಅಕ್ಷರದ ಕಾರ್ಡ್ ಕೊಟ್ಟಾಗ ಮುಖ ಹೇಗಾಗುತ್ತದೆ ನೋಡಿ. ಒಂದು ಮೊಗ್ಗನ್ನೂ ನಾರನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಕಾರ್ಡಿನ ಬದಲು ಅದನ್ನೇ ಕಟ್ಟಿ ನೋಡಲಿ, ಅವರು ಹೂ ಕಟ್ಟುವ ದೂರಕ್ಕೇ ಪವರ್ ಬರೆಯಲು ಅನುಕೂಲ ಆಗುತ್ತದೆ. ಬರುವಾಗ ಬಸ್ಸಿನಲ್ಲಿ ನಿಮಗೆ ಆ ಕೋಣೆಯ ಬಗ್ಗೆ ಇನ್ನೂ ಕೇಳಬೇಕು ಅನ್ನಿಸಿದರೆ ಮಾರನೆಯ ದಿನವೇ ಅರ್ಜಿ ತುಂಬಿ. ನಿದ್ದೆ ಬಂದರೆ ನನಗೆ ಮತ್ತೆ ಬರೆಯಿರಿ, ಬೇರೆ ಕೋರ್ಸಿನ ಬಗ್ಗೆ ಮಾತಾಡೋಣ.